ಅತ್ತೆಯ ಹತ್ತು ಬೆರಳು

ಅಂಚೆ ಕಚೇರಿಯ ಗೋಡೆಯಲ್ಲಿದ್ದ ಮಷೀನು ಮೊದಲ ಸಲ ‘ಬೆರಳು ಹೊಂದುತ್ತಿಲ್ಲ’ ಎಂದಾಗ ಸೊಸೆ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ಇಟ್ಟಳು. ಎರಡನೇ ಸಲವೂ ಅದೇ ಮಾತು ಬಂದಾಗ ಬಿಸಿ ಉಸಿರು ಊದಿ ಇಟ್ಟಳು. ಮೂರನೇ ಸಲ ಮಷೀನು ಮಾತಾಡುವ ಗೋಜಿಗೇ ಹೋಗಲಿಲ್ಲ. ಕಾರ್ಡನ್ನು ಗುಳುಂ ಎಂದು ನುಂಗಿ, ಒಂದು ಚೀಟಿಯನ್ನು ಹೊರಗೆ ಉಗುಳಿತು.

ಹಿಂದೆ ಸಾಲಿನಲ್ಲಿದ್ದ ಮುದುಕನೊಬ್ಬ ಮಷೀನಿನಲ್ಲಿ ದುಡ್ಡು ಖಾಲಿಯಾಯಿತೇನೋ ಎಂದು ಗಾಬರಿಯಿಂದ ಕೇಳಿದ. ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಬಾಗಿಲ ಬಳಿಯ ಕಾವಲುಗಾರ ಇತ್ತ ತಿರುಗುವಷ್ಟರಲ್ಲಿ ಚೀಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡು ಬೀದಿಗೆ ಬಂದಿದ್ದಳು. ಓಡಬಾರದು, ಓಡಿದರೆ ಕಳ್ಳಿ ಎಂದುಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಕಾಲು ಕೇಳಬೇಕಲ್ಲ. ಮನೆಯ ತಿರುವು ಬರುವ ಹೊತ್ತಿಗೆ ಏದುಸಿರು ಬಿಡುತ್ತಿದ್ದಳು.

ಹೆದರಿಕೆಗೆ ಕಾರಣವಿತ್ತು. ಕಾರ್ಡು ಅತ್ತೆಯದು, ಪಿಂಚಣಿ ಅತ್ತೆಯದು, ಕಾರ್ಡಿನ ಮೇಲೆ ಗಂಟುಮುಖ ಹಾಕಿಕೊಂಡ ಫೋಟೋ ಕೂಡ ಅತ್ತೆಯದೇ. ಬೆರಳು ಮಾತ್ರ ಸೊಸೆಯದು.

ಅದು ಆರು ವರ್ಷದ ಹಿಂದಿನ ಮಾತು. ಅತ್ತೆ ಮೂವತ್ತು ವರ್ಷ ಬಾಟಲಿ ಶೆಡ್ಡಿನಲ್ಲಿ ದುಡಿದವಳು. ಬಟ್ಟೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಕೈಯದ್ದಿ ಬಾಟಲಿ ತೊಳೆದು ತೊಳೆದು ಅವಳ ಬೆರಳ ತುದಿಗಳು ನುಣ್ಣಗಾಗಿ ಹೋಗಿದ್ದವು. ಮಂಡಿ ಸೋತು ಕೆಲಸ ಬಿಟ್ಟ ಮೇಲೆ ಪಿಂಚಣಿಗೆಂದು ಹೆಸರು ಬರೆಸಲು ಹೋದರೆ, ಗಾಜಿನ ಮೇಲೆ ಹತ್ತು ಬೆರಳಿಟ್ಟರೂ ಒಂದು ಗೆರೆ ಮೂಡಲಿಲ್ಲ. ಮುಂದಿನ ವರ್ಷ ನೋಡೋಣ ಎಂದ ಗುಮಾಸ್ತ. ಮುಂದಿನ ವರ್ಷದ ತನಕ ಏನು ತಿನ್ನುವುದು ಎಂದು ಅತ್ತೆ ಕೇಳಲಿಲ್ಲ. ಇನ್ನೊಂದು ಸಲ ನೋಡಪ್ಪ ಎಂದಳು, ಮೈತುಂಬ ಶಾಲು ಹೊದ್ದುಕೊಂಡಳು, ಬೆಂಚಿನಲ್ಲಿ ಒತ್ತಿ ಕೂತಿದ್ದ ಸೊಸೆಯ ಕೈಯನ್ನು ಶಾಲಿನ ಕೆಳಗಿಂದ ಎಳೆದು ಗಾಜಿನ ಮೇಲಿಟ್ಟಳು. ಗುಮಾಸ್ತನ ಕಣ್ಣು ತೆರೆಗೆ ಅಂಟಿತ್ತು. ಗೆರೆ ಚೆನ್ನಾಗಿ ಬಂತು ಎಂದು ಅವನೇ ಖುಷಿಪಟ್ಟ. ಆ ಕೈ ಮುದುಕಿಯ ಕೈಯಲ್ಲ ಎಂದು ತಿಳಿಯಲು ಅವನು ಒಮ್ಮೆ ತಲೆಯೆತ್ತಿದ್ದರೆ ಸಾಕಿತ್ತು.

ಅಂದಿನಿಂದ ತಿಂಗಳಿಗೊಮ್ಮೆ ಸೊಸೆ ಕಾರ್ಡು ತೂರಿಸಿ ಬೆರಳಿಟ್ಟು ದುಡ್ಡು ತಂದುಕೊಡುತ್ತಿದ್ದಳು. ಅತ್ತೆಯ ಮಾತ್ರೆ, ಮನೆಯ ಅಕ್ಕಿಬೇಳೆ, ತನ್ನ ಮಗಳ ಶಾಲೆ-ಕಾಲೇಜಿನ ಬಸ್ಸು ಎಲ್ಲ ಅದರಲ್ಲೇ ನಡೆಯುತ್ತಿತ್ತು. ತನ್ನ ಹೆಸರನ್ನು ಮಾತ್ರ ಅವಳು ಎಲ್ಲಿಯೂ ಬರೆಸಲಿಲ್ಲ. ಬರೆಸಲು ಹೋದರೆ ಬೆರಳು ಇಡಬೇಕು, ಇಟ್ಟರೆ ಮಷೀನು ಅವಳನ್ನು ಅರವತ್ತೆಂಟು ವರ್ಷದ ಮುದುಕಿ ಎನ್ನುತ್ತದೆ. ಆಸ್ಪತ್ರೆಯ ಚೀಟಿಯಿಲ್ಲ, ಕಾರ್ಮಿಕರ ಕಾರ್ಡಿಲ್ಲ, ಯಾವ ಪಟ್ಟಿಯಲ್ಲೂ ಅವಳಿಲ್ಲ. ಅತ್ತೆ ಬಿಟ್ಟ ಜಾಗಕ್ಕೇ ಶೆಡ್ಡಿನಲ್ಲಿ ಸೇರಿಕೊಂಡು, ಅದೇ ತೊಟ್ಟಿಯ ಮುಂದೆ ನಿಂತು ಅದೇ ಬಿಸಿನೀರಿಗೆ ಕೈಯದ್ದುತ್ತಿದ್ದಳು. ಈಗ ಅವಳ ಬೆರಳೂ ನುಣ್ಣಗಾಗಿತ್ತು. ಇದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಚೀಟಿಯನ್ನು ಮಗಳ ಕೈಗೆ ಕೊಟ್ಟಳು. ಮಗಳಿಗೆ ಮೊನ್ನೆಯಷ್ಟೇ ಹದಿನೆಂಟು ತುಂಬಿತ್ತು, ಮನೆಗೆ ಬರುವ ಸರ್ಕಾರಿ ಕಾಗದವೆಲ್ಲ ಅವಳೇ ಓದುವುದು. ಫಲಾನುಭವಿಯು ಮೂವತ್ತು ದಿನಗಳ ಒಳಗಾಗಿ ಖುದ್ದಾಗಿ ಕಚೇರಿಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಪಿಂಚಣಿ ರದ್ದಾಗುವುದು ಎಂದು ಅವಳು ಓದಿದಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಸುಳ್ಳು ಗುರುತಿನ ಮೇಲೆ ಹಣ ಪಡೆದವರ ಮೇಲೆ ಮೊಕದ್ದಮೆ ಹೂಡಲಾಗುವುದು ಎಂದಿತ್ತು. ಅದನ್ನು ಓದಬೇಕೋ ಬೇಡವೋ ಎಂದು ತಡವರಿಸಿ, ಕೊನೆಗೆ ಓದಿದಳು.

ಯಾರ ಕೈಯೂ ತಟ್ಟೆಯಿಂದ ಬಾಯಿಗೆ ಹೋಗಲಿಲ್ಲ. ಎಲ್ಲರ ತಲೆಯಲ್ಲೂ ಎದುರು ಬೀದಿಯ ದರ್ಜಿ ಬಂದು ಕೂತಿದ್ದ. ಸತ್ತ ಅಪ್ಪನ ಪಿಂಚಣಿಯನ್ನು ಒಂದು ವರ್ಷ ತಿಂದನೆಂದು ಅವನನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರು. ಎಂಟು ತಿಂಗಳ ಮೇಲೆ ಬಂದವನಿಗೆ ಬೀದಿಯವರು ಹೊಲಿಯಲು ಒಂದು ಗುಂಡಿಯನ್ನೂ ಕೊಡಲಿಲ್ಲ.

"ನಮ್ಮದು ಹಾಗಲ್ಲ. ನಾನು ಬದುಕಿದ್ದೀನಲ್ಲ" ಎಂದಳು ಅತ್ತೆ.

"ಬದುಕಿರೋದು ನೀನು, ಬೆರಳಿಟ್ಟಿರೋದು ಅವಳು" ಎಂದ ಮಗ. "ಜೀಪಿನವರಿಗೆ ಅಷ್ಟು ಸಾಕು."

ಸೊಸೆಯ ಗಂಡನಾದ ಈ ಮಗ ಆಸ್ಪತ್ರೆಯಲ್ಲಿ ಲಿಫ್ಟು ನಡೆಸುವವನು. ದಿನಕ್ಕೆ ಇನ್ನೂರು ಸಲ ಮೇಲೆ ಹೋಗಿ ಬಂದರೂ ಅವನ ಸಂಬಳ ಮಾತ್ರ ನೆಲಮಹಡಿಯಲ್ಲೇ ನಿಂತಿತ್ತು. ಡಾಕ್ಟರುಗಳ ಮಾತು ಕೇಳಿ ಕೇಳಿ ಎಲ್ಲಕ್ಕೂ ತನ್ನ ಬಳಿ ಒಂದು ಮದ್ದಿದೆ ಎಂಬ ಭ್ರಮೆ ಅವನಿಗೆ. ಹೆಂಡತಿಯ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. ಬೆರಳಿಗೆ ಬಿಡುವು ಕೊಟ್ಟರೆ ಗೆರೆ ಮತ್ತೆ ಬೆಳೆಯುತ್ತದೆ, ಮೂವತ್ತು ದಿನ ಈ ಕೈಗೆ ನೀರು ಸೋಕಬಾರದು ಎಂದು ತೀರ್ಪು ಕೊಟ್ಟ. ಆಮೇಲೆ ಕಚೇರಿಯಲ್ಲಿ ಶಾಲು ಇದ್ದೇ ಇದೆಯಲ್ಲ ಎಂದ.

ಹೀಗೆ ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಸೊಸೆಯ ಕೈಗೆ ರಾಜಯೋಗ ಬಂತು. ಶೆಡ್ಡಿನ ಮೇಲ್ವಿಚಾರಕಿಗೆ ಕೈ ಒಡೆದಿದೆ ಎಂದು ಸುಳ್ಳು ಹೇಳಿ, ಕಡಿಮೆ ಕೂಲಿಗೆ ಲೇಬಲ್ಲು ಅಂಟಿಸುವ ಕಡೆ ಹಾಕಿಸಿಕೊಂಡಳು. ಮನೆಯಲ್ಲಿ ಪಾತ್ರೆ ಗಂಡನ ಪಾಲಿಗೆ, ಬಟ್ಟೆ ಮಗಳ ಪಾಲಿಗೆ ಬಂತು. ಗಂಡ ತೊಳೆದ ತಟ್ಟೆಯಲ್ಲಿ ನಿನ್ನೆಯ ಬೇಳೆ ಅಂಟಿಕೊಂಡೇ ಇರುತ್ತಿತ್ತು. ಇದು ಯಾವ ಕಾಲದ ಊಟ ಎಂದು ಅತ್ತೆ ಕೇಳಿದರೆ, ತೊಳೆದಿದ್ದಕ್ಕೆ ಮೊದಲು ಶಹಭಾಸ್ ಹೇಳು ಎನ್ನುತ್ತಿದ್ದ. ಅತ್ತೆ ಪ್ರತಿ ಮಧ್ಯಾಹ್ನ ಸೊಸೆಯನ್ನು ಎದುರು ಕೂರಿಸಿಕೊಂಡು ಅವಳ ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಒಂದೊಂದನ್ನೂ ಬುಡದಿಂದ ತುದಿಗೆ ಎಳೆದು, ಹಸುಗೂಸಿಗೆ ತಿಕ್ಕಿದ ಹಾಗೆ ತಿಕ್ಕುವಳು. ಸೊಸೆಗೆ ಹಿತವೆನಿಸುತ್ತಿತ್ತು, ಅದರ ಬೆನ್ನಿಗೇ ಉಳಿದ ದಿನಗಳನ್ನು ಎಣಿಸುತ್ತಿದ್ದಳು. ಪ್ರತಿ ಭಾನುವಾರ ಮಗಳು, ಕಾಲೇಜಿನಿಂದ ತಂದಿದ್ದ ಭೂತಗನ್ನಡಿ ಹಿಡಿದು ಬೆರಳು ಪರೀಕ್ಷಿಸುತ್ತಿದ್ದಳು.

"ಬಂತಾ?" ಎಂದು ಮೂವರೂ ಕೇಳುವರು.

"ಕಿರುಬೆರಳಲ್ಲಿ ಎರಡು ಗೆರೆ ಬಂದಿದೆ. ಹೆಬ್ಬೆಟ್ಟು ಇನ್ನೂ ಬೋಳು."

ಎರಡನೇ ವಾರ ಒಂದು ಬೆಳಿಗ್ಗೆ ಕೈಯಲ್ಲಿ ಕಡತ ಹಿಡಿದ ಇಬ್ಬರು ಗಂಡಸರು ಬೀದಿಗೆ ಬಂದು ಮನೆಮನೆಯ ಬಾಗಿಲ ನಂಬರು ನೋಡತೊಡಗಿದರು. ಕಿಟಕಿಯಿಂದ ಮೊದಲು ಕಂಡವಳು ಸೊಸೆ. ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡಳು. ಅತ್ತೆ ಹಾಸಿಗೆಗೆ ಬಿದ್ದು, ಕಂಬಳಿ ಎಳೆದುಕೊಂಡು, ಕೇಳುವವರಿಲ್ಲದಿದ್ದರೂ ನರಳಲು ಶುರುಮಾಡಿದಳು. ಬಾಗಿಲು ಬಡಿದ ಸದ್ದಾಯಿತು. ಮಗಳು ಹೋಗಿ ತೆರೆದು ಮಾತಾಡುವುದು ಬಚ್ಚಲಿಗೆ ಗುಜುಗುಜು ಎಂದಷ್ಟೇ ಕೇಳಿಸುತ್ತಿತ್ತು. ಮಗಳಿಗೆ ಊಟ ಯಾರು ಹಾಕುತ್ತಾರೆ, ಎಂಟು ತಿಂಗಳೋ ಎಂಟು ವರ್ಷವೋ, ಕಾಲೇಜಿನಲ್ಲಿ ಅವಳನ್ನು ಏನೆಂದು ಕರೆಯುತ್ತಾರೆ ಎಂದೆಲ್ಲ ಯೋಚಿಸುತ್ತ ಸೊಸೆ ಬಕೆಟ್ಟಿನ ಅಂಚು ಹಿಡಿದು ಕೂತುಬಿಟ್ಟಳು. ಬಂದವರು ಆರೋಗ್ಯ ಇಲಾಖೆಯ ಸೊಳ್ಳೆ ಲೆಕ್ಕದವರಂತೆ, ನಿಂತ ನೀರು ಇದೆಯೇ ಎಂದು ಕೇಳಿ ಹೋದರಂತೆ. ಮಗಳು ನಗುತ್ತ ಹೇಳಿದರೂ ಚಿಲಕ ತೆಗೆಯಲು ಸೊಸೆಗೆ ತುಂಬ ಹೊತ್ತು ಹಿಡಿಯಿತು.

ಅಂದಿನಿಂದ ಮನೆಯಲ್ಲಿ ತಮಾಷೆ ಕಡಿಮೆಯಾಯಿತು. ಮೂರನೇ ವಾರ ಗಂಡ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿಸಿದ. ಮೇಜಿನ ಮೇಲೆ ಊಟದ ತಟ್ಟೆಯನ್ನು ಬೋರಲಿಟ್ಟು ಗಾಜು ಎಂದ. ತಾನು ಗುಮಾಸ್ತನಾಗಿ ಕೂತ. ಅತ್ತೆ ಶಾಲು ಹೊದ್ದು ಕೂತಳು, ಸೊಸೆ ಪಕ್ಕದಲ್ಲಿ ಒತ್ತಿ ಕೂತು ಶಾಲಿನೊಳಗಿಂದ ಕೈ ಚಾಚಿದಳು. ಅತ್ತೆಯ ಮಂಡಿ ನೋಯುತ್ತಿದ್ದರಿಂದ ಹತ್ತಿರ ಸರಿಯಲಾಗದೆ ಶಾಲು ನಡುವೆ ಬಾಯಿ ಬಿಟ್ಟಿತು. ಕೈ ಯಾರದ್ದೆಂದು ಕುರುಡನಿಗೂ ಗೊತ್ತಾಗುವಂತಿತ್ತು. ನಾಲ್ಕು ಸಲ ಮಾಡಿದರೂ ಹಾಗೇ ಆಯಿತು. ಗಂಡ ತಟ್ಟೆ ಎತ್ತಿಟ್ಟು, ಗೋಡೆ ನೋಡುತ್ತ, ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಹೇಳಿದ.

"ಸಿಕ್ಕಿಬಿದ್ರೆ ಒಬ್ರ ಮೇಲೆ ಹೋಗ್ಲಿ. ಅಮ್ಮನಿಗೆ ಏನೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಎಲ್ಲಾ ನಾನೇ ಮಾಡಿದ್ದು ಅಂತ ನೀನು ಹೇಳಿಬಿಡು. ಪೆನ್ಶನ್ ಆದ್ರೂ ಉಳಿಯತ್ತೆ."

ಸೊಸೆ ಒಲೆಯ ಕಡೆ ತಿರುಗಿ ನಿಂತಳು. ಅನ್ನ ಆಗಿತ್ತು, ಇಳಿಸುವುದು ನೆನಪಾಗಲಿಲ್ಲ. ತಪ್ಪು ಅಂತ ಅನಿಸುತ್ತಿರಲಿಲ್ಲ ಅವಳಿಗೆ, ಲೆಕ್ಕ ಹಾಕಿದರೆ ಗಂಡ ಹೇಳಿದ್ದು ಸರಿಯೇ. ಆದರೆ ಅದನ್ನು ಅವನು ಇಷ್ಟು ಸಲೀಸಾಗಿ ಲೆಕ್ಕ ಹಾಕಿಟ್ಟಿದ್ದನಲ್ಲ ಎಂಬುದು ಎದೆಗೆ ಚುಚ್ಚಿತು.

ಅತ್ತೆ ಶಾಲು ಕಿತ್ತೆಸೆದಳು. "ನಾಚಿಕೆ ಆಗಲ್ವೇನೋ ನಿಂಗೆ? ಆವತ್ತು ಅವಳ ಕೈ ಎಳೆದವಳು ನಾನು. ಅವಳು ಬೇಡ ಅತ್ತೆ, ಬೇಡ ಅತ್ತೆ ಅಂತಾನೇ ಇದ್ಲು. ಯಾರು ಕೇಳಿದ್ರೂ ನಾನು ಹೇಳ್ತೀನಿ, ನಂದೇ ತಪ್ಪು ಅಂತ. ಈ ವಯಸ್ಸಿಗೆ ನನ್ನ ಜೈಲಿಗೆ ಹಾಕಿ ಏನು ಮಾಡ್ತಾರೆ, ಅಲ್ಲೂ ಇಷ್ಟೇ ಅನ್ನ ತಿನ್ನೋದು."

"ಹೇಳೋದು ಸುಲಭ ಅಮ್ಮ."

"ಸುಲಭಾನೋ ಕಷ್ಟಾನೋ, ಅವಳ ಮೇಲೆ ಒಂದು ಮಾತು ಬಂದ್ರೆ ನಾನು ಸುಮ್ಮನಿರಲ್ಲ."

ಮಗಳು ಹೋಗಿ ಅಜ್ಜಿಯ ತೋಳು ಹಿಡಿದುಕೊಂಡಳು. ಸೊಸೆಯ ಕಣ್ಣು ತುಂಬಿ ಬಂತು. ಅತ್ತೆಯ ಜೊತೆ ಇಪ್ಪತ್ತು ವರ್ಷ ಉಪ್ಪಿಗೂ ಬೆಂಕಿಕಡ್ಡಿಗೂ ಜಗಳವಾಡಿದ್ದಳು. ಆದರೆ ಅಂದು ಅವಳ ತಟ್ಟೆಗೆ ಅನ್ನ ಬಡಿಸುವಾಗ, ಈ ಮನೆಯಲ್ಲಿ ತನ್ನವರು ಅಂತ ಒಬ್ಬರಿದ್ದಾರೆ ಎನಿಸಿತು. ಹೆದರಿಕೆ ಹೋಗಲಿಲ್ಲ, ಹೊರುವುದಕ್ಕೆ ಇನ್ನೊಂದು ಹೆಗಲು ಸಿಕ್ಕ ಹಾಗಾಯಿತು ಅಷ್ಟೇ.

ಇಪ್ಪತ್ತೆಂಟನೆಯ ದಿನ ಅತ್ತೆ ಸೊಸೆ ಇಬ್ಬರೂ ಪಿಂಚಣಿ ಕಚೇರಿಗೆ ಹೊರಟರು. ಭೂತಗನ್ನಡಿಯ ಪ್ರಕಾರ ಸೊಸೆಯ ಎಂಟು ಬೆರಳಿಗೆ ಗೆರೆ ಬಂದಿತ್ತು. ಗಂಡ ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆ ಎಂದು ಬರಲಿಲ್ಲ. ಬಸ್ಸಿನಲ್ಲಿ ಅತ್ತೆ ಎರಡು ಸಲ ನೀರು ಕುಡಿದಳು, ಮೂರು ಸಲ ಸಮಯ ಕೇಳಿದಳು. ಕಚೇರಿಯ ಬಾಗಿಲಲ್ಲಿ ಪೊಲೀಸಿನವನೊಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಪಾಡಿಗೆ ಅವನು ಕಡಲೆಕಾಯಿ ಸುಲಿಯುತ್ತಿದ್ದ. ಅವನನ್ನು ದಾಟುವಾಗ ಅತ್ತೆ ಸೊಸೆಯ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಎರಡು ಗಂಟೆ ಕಾದ ಮೇಲೆ ಕರೆ ಬಂತು. ಮೇಜಿನ ಆಚೆ ಕನ್ನಡಕದ ಗುಮಾಸ್ತ, ಈಚೆ ನೆಲಕ್ಕೆ ತಿರುಪು ಹಾಕಿ ಕೂರಿಸಿದ ಒಂದೇ ಒಂದು ಕುರ್ಚಿ. ಬೆಂಚು ಇರಲಿಲ್ಲ.

"ಅಜ್ಜಿ ಇಲ್ಲಿ ಕೂತ್ಕೊಳ್ಳಿ. ಜೊತೆಗೆ ಬಂದವರು ಆ ಗೆರೆ ಹಿಂದೆ ನಿಂತ್ಕೊಳ್ಳಿ."

ನೆಲದ ಮೇಲೆ ಹಳದಿ ಬಣ್ಣದಲ್ಲಿ ಗೆರೆ ಎಳೆದಿತ್ತು. ಸೊಸೆ ಅದರ ಹಿಂದೆ ಹೋಗಿ ನಿಂತಳು. ಒಂದು ತಿಂಗಳ ಎಣ್ಣೆ, ಅಭ್ಯಾಸ ಎಲ್ಲವೂ ಆ ಮೂರು ಹೆಜ್ಜೆಯಲ್ಲಿ ನೀರಿನಲ್ಲಿ ಹೋಮವಾಯಿತು. ಅತ್ತೆ ಒಮ್ಮೆ ಹಿಂತಿರುಗಿ ನೋಡಿದಳು. ಗುಮಾಸ್ತ ಫೋಟೋ ನೋಡಿದ, ಮುಖ ನೋಡಿದ, ಸರಿ ಎಂದ. ಹೆಬ್ಬೆಟ್ಟು ಇಡಿ ಎಂದ. ಅತ್ತೆ ತನ್ನ ಹೆಬ್ಬೆಟ್ಟನ್ನು ಬಿಸಿ ಬಾಣಲೆಗೆ ಇಡುವವಳ ಹಾಗೆ ಗಾಜಿಗಿಟ್ಟಳು. ಮಷೀನು ಕೊಂಯ್ ಎಂದಿತು. ಹೊಂದುತ್ತಿಲ್ಲ ಎಂದ ಗುಮಾಸ್ತ.

ಸೊಸೆ ಬಾಗಿಲಿನ ಪೊಲೀಸಿನವನು ಎದ್ದನೇ ಎಂದು ನೋಡಿದಳು. ಎದ್ದಿದ್ದ, ಸಿಪ್ಪೆ ಚೆಲ್ಲುವುದಕ್ಕೆ.

ಗುಮಾಸ್ತ ಆಕಳಿಸಿ, ವಯಸ್ಸಾದವರಿಗೆ ಬೆರಳು ಬದಲಾಗುತ್ತದೆ, ಬೆಳಿಗ್ಗೆಯಿಂದ ಇವರು ಒಂಬತ್ತನೆಯವರು ಎಂದು ಯಾರಿಗೋ ಹೇಳಿದಂತೆ ಹೇಳಿಕೊಂಡ. ಹಳೆಯದನ್ನು ಅಳಿಸಿ ಹೊಸದಾಗಿ ತೆಗೆದುಕೊಳ್ಳುತ್ತೇನೆ, ಹತ್ತೂ ಬೆರಳು ಒಂದೊಂದಾಗಿ ಇಡಿ ಎಂದ. ಅತ್ತೆ ಇಟ್ಟಳು. ಆರು ವರ್ಷ ಶೆಡ್ಡಿನ ಬಿಸಿನೀರು ಕಾಣದ ಆ ಬೆರಳುಗಳಲ್ಲಿ ಗೆರೆ ಎಂದೋ ಮರಳಿ ಬಂದಿತ್ತು. ಭೂತಗನ್ನಡಿ ಹಿಡಿದು ಒಂದು ತಿಂಗಳು ಸೊಸೆಯ ಕೈ ನೋಡಿದ ಮನೆಯಲ್ಲಿ ಯಾರೂ ಅತ್ತೆಯ ಕೈ ನೋಡಿರಲಿಲ್ಲ. ತೆರೆಯ ಮೇಲೆ ಒಂದೊಂದು ಬೆರಳೂ ಹಸಿರಾಗುತ್ತ ಹೋಯಿತು. ಏಳು, ಎಂಟು, ಒಂಬತ್ತು ಎಂದು ಸೊಸೆ ಉಸಿರು ಹಿಡಿದು ಎಣಿಸಿದಳು. ಹತ್ತಾಯಿತು. ಮುಗಿಯಿತು. ಇನ್ನು ಯಾರೂ ಏನೂ ಕೇಳುವುದಿಲ್ಲ.

ಗುಮಾಸ್ತ ಕಾಗದ ಎಳೆದುಕೊಂಡು ಸಾಕ್ಷಿಯ ಹೆಸರಿನ ಜಾಗಕ್ಕೆ ಪೆನ್ನು ತಂದ. "ಅವರು ಯಾರು ಅಜ್ಜಿ, ಜೊತೆಗೆ ಬಂದಿರೋರು?"

ಅಷ್ಟೇ ಕೇಳಿದ್ದು. ಅತ್ತೆ ಎರಡೂ ಕೈಯನ್ನು ಗಾಜಿನಿಂದ ಎಳೆದುಕೊಂಡು ಎದೆಗವಚಿಕೊಂಡಳು.

"ಸೊಸೆ ಸ್ವಾಮಿ. ನಂಗೇನೂ ಗೊತ್ತಿಲ್ಲ. ನಾನು ಕೇಳೂ ಇಲ್ಲ, ಹೇಳೂ ಇಲ್ಲ. ಎಲ್ಲಾ ಅವಳೇ ಮಾಡಿದ್ದು. ಅವಳೇ ಬೆರಳಿಟ್ಟಿದ್ದು."

ಗುಮಾಸ್ತನ ಪೆನ್ನು ನಿಂತಿತು. ಅವನು ಕನ್ನಡಕ ಮೇಲೆ ಸರಿಸಿ ಮೊದಲ ಸಲ ಸೊಸೆಯ ಮುಖ ನೋಡಿದ. "ಏನು ಮಾಡಿದ್ದು?"

ಹಳದಿ ಗೆರೆಯ ಹಿಂದೆ ನಿಂತ ಸೊಸೆಗೆ ಅತ್ತೆಯ ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಏನು ಹೇಳಬೇಕೆಂದು ಯೋಚಿಸಿದವಳಲ್ಲ, ಬಾಯಿ ತಾನಾಗಿ ತೆರೆಯಿತು. ಹೋದ ತಿಂಗಳು ಮಷೀನಿನ ಹತ್ತಿರ ಅತ್ತೆಯ ಬೆರಳನ್ನು ತಾನೇ ಹಿಡಿದು ಇಡಿಸಿದ್ದು, ಮೂರು ಸಲ ಜೋರಾಗಿ ಒತ್ತಿದ್ದಕ್ಕೆ ಮಷೀನು ಕೆಟ್ಟು ಕಾರ್ಡು ನುಂಗಿತು ಎಂದು ಇವರಿಗೆ ಭಯ, ದಂಡ ಹಾಕುತ್ತಾರೆ ಎಂದು ಊಟ ಬಿಟ್ಟಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ದನಿ ಅವಳಿಗೇ ಬೇರೆಯವರದ್ದು ಅನಿಸಿತು.

ಗುಮಾಸ್ತ ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದ. ಆಮೇಲೆ ನಕ್ಕುಬಿಟ್ಟ. "ಒತ್ತಿದ್ರೆ ಮಷೀನು ಕೆಡಲ್ಲ ಅಜ್ಜಿ. ಪಾಪ, ಇದಕ್ಕೆ ಸೊಸೆ ಮೇಲೆ ಹಾಕ್ತೀರಲ್ಲ. ಬನ್ನಿ ಅಮ್ಮ, ಇಲ್ಲೊಂದು ಸಹಿ ಮಾಡಿ."

ಸೊಸೆ ಗೆರೆ ದಾಟಿ ಬಂದು ಸಹಿ ಮಾಡಿದಳು. ಅಕ್ಷರ ಅಂಕುಡೊಂಕಾಯಿತು. ಹಳೆಯದು ಪೂರ್ತಿ ಅಳಿಸಿಹೋಯಿತೇ ಎಂದು ಕೇಳಿದಳು. ಪೂರ್ತಿ ಎಂದ ಗುಮಾಸ್ತ, ಹೊಸ ಕಾರ್ಡನ್ನು ಅತ್ತೆಯ ಕೈಗಿತ್ತು ಮುಂದಿನವರನ್ನು ಕರೆದ.

ಬಸ್ಸು ನಿಲ್ಲುವ ಜಾಗದಲ್ಲಿ ಇಬ್ಬರೂ ಬಹಳ ಹೊತ್ತು ಕೂತರು. ಅತ್ತೆ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಕೊನೆಗೆ, "ಹೆದರಿಬಿಟ್ಟೆ ಕಣೇ" ಎಂದಳು. ಸೊಸೆಗೆ ಅದು ಅರ್ಥವಾಗುತ್ತಿತ್ತು. ಹೆದರಿಕೆ ಏನು ಮಾಡಿಸುತ್ತದೆ ಎಂದು ಈ ಒಂದು ತಿಂಗಳಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಬಸ್ಸು ಬಂತು ಎಂದಷ್ಟೇ ಹೇಳಿ ಎದ್ದಳು.

ಸಂಜೆ ಗಂಡ ಖುಷಿಗೆ ಒಂದು ಡಜನ್ ಮೊಟ್ಟೆ ತಂದ. ಊಟಕ್ಕೆ ಕೂತಾಗ ಏನಾಯಿತು ಹೇಳಿ ಎಂದು ಮಗಳು ಪೀಡಿಸಿದಳು. ಅತ್ತೆ ಸೊಸೆಯ ಕಡೆ ನೋಡದೆ ಹೇಳಿದಳು. ಗುಮಾಸ್ತ ಬಹಳ ಬಿರುಸಾಗಿದ್ದನಂತೆ, ಯಾರು ಮಾಡಿದ್ದು ಎಂದು ಮೇಜು ಗುದ್ದಿ ಕೇಳಿದನಂತೆ. ಏನಿದ್ದರೂ ನನ್ನನ್ನು ಕೇಳಿ, ಅವಳ ಸುದ್ದಿಗೆ ಹೋಗಬೇಡಿ ಎಂದು ತಾನು ಅಂದಳಂತೆ. ಗಂಡ ತೊಡೆ ತಟ್ಟಿ, ನಮ್ಮಮ್ಮ ಅಂದ್ರೆ ಏನಂದ್ಕೊಂಡೆ ಎಂದು ಹೆಂಡತಿಯ ಕಡೆ ನೋಡಿದ. ಮಗಳು ಅಜ್ಜಿಯ ಕೆನ್ನೆಗೆ ಮುತ್ತಿಟ್ಟಳು. ಅತ್ತೆ ತಟ್ಟೆಯ ಅನ್ನ ಕಲಸುತ್ತಲೇ ಇದ್ದಳು. ಈಗಲೋ ಆಗಲೋ ಸೊಸೆ ಬಾಯಿ ತೆರೆಯುತ್ತಾಳೆ ಎಂದು ಅವಳು ಕಾಯುತ್ತಿದ್ದಳು. ಸೊಸೆ ಎದ್ದು ಅವಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಹಾಕಿದ್ದನ್ನು ಅತ್ತೆ ತಿಂದಳು.

ಮರುದಿನದಿಂದ ಪಾತ್ರೆ ಮತ್ತೆ ಸೊಸೆಯ ಪಾಲಿಗೆ ಬಂತು. ಅತ್ತೆ ಮಾತ್ರ ಬದಲಾಗಿದ್ದಳು. ಚಹಾ ಬೇಕಾದರೆ ಕೇಳುತ್ತಿರಲಿಲ್ಲ, ಉಪ್ಪು ಹೆಚ್ಚಾದರೆ ಮೂಗು ಮುರಿಯುತ್ತಿರಲಿಲ್ಲ. ಸೊಸೆ ಗಂಡನ ಜೊತೆ ಮೆಲ್ಲಗೆ ಏನಾದರೂ ಮಾತಾಡುತ್ತಿದ್ದರೆ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದಳು. ಈ ಮುದುಕಿ ತನಗೆ ಹೆದರುತ್ತಿದ್ದಾಳೆ ಎಂದು ತಿಳಿಯಲು ಸೊಸೆಗೆ ಮೂರು ದಿನ ಬೇಕಾಯಿತು. ತಿಳಿದ ಮೇಲೆ ಸಂತೋಷವೇನೂ ಆಗಲಿಲ್ಲ.

ಸೋಮವಾರ ಶೆಡ್ಡಿಗೆ ರಜೆ ಹೇಳಿ ಅವಳು ಒಳ್ಳೆಯ ಬಟ್ಟೆ ಉಟ್ಟುಕೊಂಡಳು. ಬಿಸಿನೀರಿಗೆ ಮತ್ತೆ ಕೈ ಹಾಕುವ ಮೊದಲು ಕಾರ್ಮಿಕರ ಕಾರ್ಡಿಗೆ ತನ್ನ ಹೆಸರು ಬರೆಸಿಬಿಡಬೇಕು ಎಂದು ತೀರ್ಮಾನಿಸಿದ್ದಳು. ಪೂರ್ತಿ ಅಳಿಸಿದೆ ಎಂದು ಗುಮಾಸ್ತ ಹೇಳಿದ್ದರೂ, ಗಾಜಿನ ಮೇಲೆ ಬೆರಳಿಟ್ಟಾಗ ತೆರೆಯಲ್ಲಿ ಯಾರ ಮುಖ ಬರುತ್ತದೋ ಎಂಬ ಅಂಜಿಕೆ ಹೋಗಿರಲಿಲ್ಲ. ಮಗಳು ಕಾಗದ ಜೋಡಿಸಿಕೊಂಡು ಹೊರಗೆ ಕಾಯುತ್ತಿದ್ದಳು.

ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಸಾಕ್ಷಿಗೆ ಒಬ್ರು ಬೇಕಲ್ವಾ. ಅವಳು ಚಿಕ್ಕವಳು, ಅವಳಿಗೇನು ತಿಳಿಯತ್ತೆ. ನಾನು ಬರ್ತೀನಿ. ನನ್ನ ಸೊಸೆ ಅಂತ ನಾನೇ ಹೇಳ್ತೀನಿ."

ಸೊಸೆ ಅವಳ ಮುಖ ನೋಡಿದಳು. ಬೈಯಬೇಕೆಂದು ಅನಿಸಲಿಲ್ಲ, ಸಮಾಧಾನ ಹೇಳಬೇಕೆಂದೂ ಅನಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಬೇಡ ಅತ್ತೆ. ನೀವು ಅಲ್ಲಿಗೆ ಬಂದ್ರೆ ನಂಗೆ ಭಯ ಆಗತ್ತೆ."

ಅತ್ತೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.